ಬಸುರಿನಲ್ಲಿ ಡಿಪ್ರೆಶನ್ ಮಾತ್ರೆ: ಯಾವ ಭಯ ನಿಜ, ಯಾವುದು ಸುಮ್ನೆ?

ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ ಕಂಡಿವೆ. ಗಂಡನಿಗೆ ಫೋನ್ ಆಯಿತು, ತವರಿಗೆ ಫೋನ್ ಆಯಿತು. ಆಮೇಲೆ ಅವಳು ಬೀರು ತೆಗೆದು, ಸೀರೆಗಳ ಕೆಳಗೆ ಇಟ್ಟಿದ್ದ ಮಾತ್ರೆಯ ಸ್ಟ್ರಿಪ್ ಹೊರಗೆ ಎಳೆಯುತ್ತಾಳೆ. ಎರಡು ವರ್ಷದಿಂದ ದಿನಾ ರಾತ್ರಿ ನುಂಗುತ್ತಿದ್ದದ್ದು. ಇನ್ನೂ ಆರು ಮಾತ್ರೆ ಉಳಿದಿವೆ. ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುತ್ತಾಳೆ. ಮುಂದಿನ ತಿಂಗಳು ಲೇಡಿ ಡಾಕ್ಟರ್ 'ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ?' ಅಂದರೆ 'ಇಲ್ಲ ಮೇಡಂ' ಅನ್ನುತ್ತಾಳೆ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರಲ್ಲ.

ಈ ಹುಡುಗಿ ನನ್ನ ಕಲ್ಪನೆಯವಳು. ಆದರೆ ಇಂಥ ಬೀರು, ಇಂಥ ಸ್ಟ್ರಿಪ್ ಎಷ್ಟೋ ಮನೆಗಳಲ್ಲಿವೆ. ಅವಳ ಭಯವನ್ನು ನಾನು ಹಗುರ ಮಾಡುವುದಿಲ್ಲ. ಈ ಮಾತ್ರೆಗಳಿಗೆ ಅಪಾಯಗಳಿವೆ, ಕೆಲವು ಬಸುರಿಗೂ ಸಂಬಂಧಪಟ್ಟವು. ನನ್ನ ತಕರಾರು ಬೇರೆ. ಮಾತ್ರೆಯ ಅಪಾಯವನ್ನು ಎಲ್ಲರೂ ತೂಗುತ್ತಾರೆ, ಮಾತ್ರೆ ಬಿಟ್ಟರೆ ಆಗುವ ಅಪಾಯವನ್ನು ಯಾರೂ ತೂಗುವುದಿಲ್ಲ. ಒಂದೇ ತಟ್ಟೆಯ ತಕ್ಕಡಿ ಅದು.

ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ನಮ್ಮಲ್ಲಿ ಮನೋವೈದ್ಯರು ಏನು ಬರೆದುಕೊಟ್ಟರೂ ಮನೆಯವರು ಕರೆಯುವ ಹೆಸರು ಒಂದೇ, 'ನಿದ್ದೆ ಮಾತ್ರೆ'. ಡಿಪ್ರೆಶನ್ ಮಾತ್ರೆ ನಿದ್ದೆ ಮಾತ್ರೆಯಲ್ಲ. ಸ್ಟ್ರಿಪ್ ತಿರುಗಿಸಿದರೆ ಕಂಪನಿಯ ದಪ್ಪ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಔಷಧಿಯ ಅಸಲಿ ಹೆಸರಿರುತ್ತದೆ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಾಲೊಪ್ರಾಮ್, ಪ್ಯಾರಾಕ್ಸೆಟಿನ್ ಎಂದಿದ್ದರೆ ಅದು ಎಸ್‌ಎಸ್‌ಆರ್‌ಐ ಗುಂಪಿನದು. ಇವತ್ತು ಜಾಸ್ತಿ ಬರೆದುಕೊಡುವುದು ಇವನ್ನೇ. ವೆನ್ಲಾಫ್ಯಾಕ್ಸಿನ್, ಡುಲಾಕ್ಸೆಟಿನ್ ಇವುಗಳ ದಾಯಾದಿಗಳು, ಎಸ್‌ಎನ್‌ಆರ್‌ಐ. ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಹಳೇ ತಲೆಮಾರಿನ ಟ್ರೈಸೈಕ್ಲಿಕ್‌ಗಳು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೈಗ್ರೇನ್ ತಲೆನೋವಿಗೆ, ನರದ ಉರಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ಜೋಮಿಗೆ ಅಂತ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್ ತಗೊಳ್ಳುವವರು ಬಹಳ ಮಂದಿ. ತಾವು ತಗೊಳ್ಳುತ್ತಿರುವುದು ಡಿಪ್ರೆಶನ್‌ಗೂ ಕೊಡುವ ಮಾತ್ರೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ.

ಇನ್ನೊಂದು ಇದಕ್ಕಿಂತ ಮುಖ್ಯ. ನಮ್ಮ ದೇಶದಲ್ಲಿ ಒಂದೇ ಗುಳಿಗೆಯೊಳಗೆ ಎರಡು ಔಷಧಿ ಸೇರಿಸಿ ಮಾರುವುದು ತೀರಾ ಮಾಮೂಲು. ಎಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಇರುವ ಮಾತ್ರೆ ಎಷ್ಟೋ ಮನೆಗಳಲ್ಲಿ ಸಿಗುತ್ತದೆ. ಕ್ಲೊನಾಜೆಪಾಮ್ ಮಂಪರು ತರುವ, ತಿಂಗಳುಗಟ್ಟಲೆ ತಗೊಂಡರೆ ಅಂಟಿಕೊಳ್ಳುವ ಔಷಧಿ. ಡಿಪ್ರೆಶನ್ ಮಾತ್ರೆಯಿಂದ 'ಚಟ ಆಗುತ್ತೆ' ಅನ್ನುವ ಮಾತಿನ ಹಿಂದೆ ಬಹಳಷ್ಟು ಸಲ ಇರುವುದು ಈ ಜೊತೆಗಾರ. ಎಸ್‌ಎಸ್‌ಆರ್‌ಐಗೆ ಕುಡಿತದ ಹಾಗೆ ಹಂಬಲಿಸುವ ಗುಣವಿಲ್ಲ. ಹಾಗಂತ ಒಂದೇ ಏಟಿಗೆ ಬಿಡಬಹುದು ಎಂದೂ ಅಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಬಸುರಿರಲಿ, ಇಲ್ಲದಿರಲಿ

ಸೆರೊಟೋನಿನ್ ಮಿದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕ. ಸುದ್ದಿ ಮುಟ್ಟಿದ ಮೇಲೆ ಕಳಿಸಿದ ಕೋಶವೇ ಅದನ್ನು ವಾಪಸ್ ಹೀರಿಕೊಳ್ಳುತ್ತದೆ. ಎಸ್‌ಎಸ್‌ಆರ್‌ಐ ಈ ಹೀರುವಿಕೆಗೆ ತಡೆ ಹಾಕುತ್ತದೆ. ಆದರೆ ಸೆರೊಟೋನಿನ್ ಮಿದುಳಿನಲ್ಲಿ ಮಾತ್ರ ಇಲ್ಲ. ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು, ನೂರಕ್ಕೆ 90ರಷ್ಟು, ಕರುಳಿನಲ್ಲೇ ಇದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲೂ ಇದೆ. ಇದನ್ನು ತಿಳಿದುಕೊಂಡರೆ ಅರ್ಧ ಅಡ್ಡಪರಿಣಾಮಗಳಿಗೆ ಕಾರಣ ತಾನಾಗಿಯೇ ಸಿಗುತ್ತದೆ.

ಮೊದಲ ವಾರ ಹೊಟ್ಟೆ ತೊಳೆಸುವುದು, ಭೇದಿ ಆಗುವುದು ಕರುಳಿನಿಂದ. ಜೊತೆಗೆ ತಲೆನೋವು, ಒಳಗೊಂಥರಾ ಚಡಪಡಿಕೆ, ನಿದ್ದೆ ಏರುಪೇರು. ಕಿರಿಕಿರಿ ಏನೆಂದರೆ, ಇವೆಲ್ಲ ಮೊದಲ ದಿನವೇ ಬರುತ್ತವೆ. ಗುಣ ಕಾಣುವುದಕ್ಕೆ ಎರಡರಿಂದ ಆರು ವಾರ ಬೇಕು. 'ತಗೊಂಡ ಮೇಲೆ ಇನ್ನೂ ಜಾಸ್ತಿ ಆಯ್ತು' ಎಂದು ಹತ್ತನೇ ದಿನಕ್ಕೆ ಬಿಟ್ಟವರು ಔಷಧಿಯ ಕಷ್ಟವನ್ನಷ್ಟೇ ಕಂಡಿರುತ್ತಾರೆ.

ರಕ್ತದ ಮಾತಿಗೆ ಬಂದರೆ, ಎಸ್‌ಎಸ್‌ಆರ್‌ಐ ತಗೊಳ್ಳುವವರಿಗೆ ರಕ್ತ ನಿಲ್ಲುವುದು ತುಸು ನಿಧಾನ. ಒಂದೇ ತಗೊಂಡರೆ ಬಹಳ ಮಂದಿಗೆ ಇದು ಗೊತ್ತೇ ಆಗುವುದಿಲ್ಲ. ಮಂಡಿ ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ದಿನಾ ನುಂಗುವವರಿಗೆ, ಹೃದಯಕ್ಕೆ ಆಸ್ಪಿರಿನ್ ತಗೊಳ್ಳುವವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಏರುತ್ತದೆ.

ವಯಸ್ಸಾದವರಲ್ಲಿ ನೋಡಬೇಕಾದದ್ದು ಸೋಡಿಯಂ. ರಕ್ತದಲ್ಲಿರುವ ಈ ಉಪ್ಪಿನ ಅಂಶ ಕೆಲವರಲ್ಲಿ ತೀರಾ ಇಳಿಯಬಹುದು. ಅದರಲ್ಲೂ ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ತಗೊಳ್ಳುವವರು. ಹೊಸದಾಗಿ ಡಿಪ್ರೆಶನ್ ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ಗೊಂದಲ ಗೊಂದಲವಾಗಿ ಮಾತಾಡಿದರೆ, ನಡೆಯುತ್ತಾ ಬಿದ್ದರೆ, 'ವಯಸ್ಸಾಯ್ತು ಬಿಡಿ' ಅನ್ನುವ ಮೊದಲು ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ.

ಹದಿಹರೆಯದವರ ವಿಷಯದಲ್ಲಿ ಇರುವುದು ಎಲ್ಲಕ್ಕಿಂತ ಗಂಭೀರ ಎಚ್ಚರಿಕೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಈ ಎಲ್ಲ ಔಷಧಿಗಳ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಮಕ್ಕಳ ಮೇಲಿನ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದಾಗ, ಸಾಯುವ ಯೋಚನೆ ಅಥವಾ ಅಂಥ ವರ್ತನೆ ಕಂಡದ್ದು ಔಷಧಿ ತಗೊಂಡ ನೂರರಲ್ಲಿ ಸುಮಾರು 4 ಮಕ್ಕಳಲ್ಲಿ, ಹೋಲಿಕೆಗೆಂದು ಕೊಟ್ಟ, ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಗೊಂಡ ನೂರರಲ್ಲಿ 2 ಮಕ್ಕಳಲ್ಲಿ. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. 2007ರಲ್ಲಿ ಎಚ್ಚರಿಕೆಯನ್ನು 24 ವರ್ಷದವರೆಗೆ ವಿಸ್ತರಿಸಿದರು. ಹಾಗಾಗಿ ಕಾಲೇಜು ಹುಡುಗನಿಗೆ ಮಾತ್ರೆ ಶುರುವಾದರೆ ಮೊದಲ ಕೆಲವು ವಾರ, ಡೋಸ್ ಬದಲಾಯಿಸಿದಾಗಲೂ, ಮನೆಯವರ ಒಂದು ಕಣ್ಣು ಅವನ ಮೇಲಿರಬೇಕು.

ಬೇರೆ ಔಷಧಿ ಜೊತೆ ಜಗಳವೂ ಇದೆ. ನೋವಿನ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್, ಆಂಟಿಬಯಾಟಿಕ್ ಲಿನೆಜೊಲಿಡ್. ಇವು ಸೇರಿದರೆ ಸೆರೊಟೋನಿನ್ ಮಿತಿಮೀರಿ ಮೈ ನಡುಕ, ಬೆವರು, ಜ್ವರ, ಭೇದಿ, ಎದೆಬಡಿತ ಏರುವುದು ಆಗಬಹುದು. ಅಪರೂಪ, ಆದರೆ ಬಂದರೆ ತಕ್ಷಣ ಆಸ್ಪತ್ರೆ. ಬೈಪೋಲಾರ್ ಕಾಯಿಲೆ ಇದ್ದು ಅದು ಗೊತ್ತಾಗದೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಮನಸ್ಸು ಆ ತುದಿಯಿಂದ ಈ ತುದಿಗೆ ಜಿಗಿದು ಉನ್ಮಾದ ಬರಬಹುದು. ಹಳೇ ಟ್ರೈಸೈಕ್ಲಿಕ್‌ಗಳನ್ನು ಒಟ್ಟಿಗೆ ಜಾಸ್ತಿ ನುಂಗಿದರೆ ಹೃದಯದ ಲಯ ತಪ್ಪಿ ಜೀವಕ್ಕೇ ಅಪಾಯ. ಮಕ್ಕಳ ಕೈಗೆ ಸಿಗುವ ಕಡೆ ಆ ಡಬ್ಬಿ ಇರಬಾರದು.

ಮತ್ತೊಂದು ಇದೆ, ಯಾರೂ ಬಾಯಿ ಬಿಡುವುದಿಲ್ಲ. ಲೈಂಗಿಕ ಆಸಕ್ತಿ ಕುಗ್ಗುವುದು, ತೃಪ್ತಿ ತಡವಾಗುವುದು. ತೀರಾ ಸಾಮಾನ್ಯ ಅಡ್ಡಪರಿಣಾಮ ಇದು. ಡಾಕ್ಟರೂ ಕೇಳುವುದಿಲ್ಲ, ರೋಗಿಯೂ ಹೇಳುವುದಿಲ್ಲ, ಮಾತ್ರೆ ಮಾತ್ರ ಸದ್ದಿಲ್ಲದೆ ನಿಂತುಹೋಗುತ್ತದೆ. ಡೋಸ್ ಇಳಿಸುವ, ಔಷಧಿ ಬದಲಿಸುವ ದಾರಿಗಳಿವೆ. ಕೇಳಿದರೆ ತಾನೇ ಸಿಗುವುದು!

ಬುಟ್ಟಿಗೆ ಹಾಕಿದ ನಂತರದ ವಾರ

ಈಗ ನಮ್ಮ ಹುಡುಗಿಯ ಹತ್ತಿರ ವಾಪಸ್ ಹೋಗೋಣ. ಸ್ಟ್ರಿಪ್ ಬಿಸಾಕಿ ಮೂರು ದಿನ ಆಗಿದೆ. ತಲೆ ತಿರುಗುತ್ತಿದೆ, ವಾಕರಿಕೆ, ರಾತ್ರಿ ಚಿತ್ರವಿಚಿತ್ರ ಕನಸು. ಕಣ್ಣು ಆ ಕಡೆ ಈ ಕಡೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಒಂದು ಝಟಕಾ. ಸುಮ್ನೆ ಕೂತಲ್ಲೇ ಅಳು ಬರುತ್ತದೆ. ಅತ್ತೆ ನಗುತ್ತಾ ಹೇಳುತ್ತಾರೆ, "ಬಸುರಿ ಅಂದ್ಮೇಲೆ ಇವೆಲ್ಲ ಇದ್ದದ್ದೇ ಕಣಮ್ಮಾ. ಸ್ವಲ್ಪ ನಿಂಬೆಹಣ್ಣು ಮೂಸಿ ನೋಡು."

ವಾಕರಿಕೆ ಬಸುರಿನದ್ದೇ ಇರಬಹುದು. ಆ ಕರೆಂಟ್ ಝಟಕಾ ಬಸುರಿನದಲ್ಲ. ಔಷಧಿಗೆ ಒಗ್ಗಿಕೊಂಡಿದ್ದ ನರಮಂಡಲ ಅದು ದಿಢೀರನೆ ನಿಂತಾಗ ತೋರಿಸುವ ಮುನಿಸು. ಎಲ್ಲರಿಗೂ ಹೀಗಾಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2024ರಲ್ಲಿ ಜರ್ಮನಿಯ ಸಂಶೋಧಕರು ಹಾಕಿದ ಲೆಕ್ಕದಲ್ಲಿ, ಮಾತ್ರೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಏನಾದರೊಂದು ತೊಂದರೆ ಕಂಡಿತ್ತು. ತಮಾಷೆ ಅಂದರೆ, ಖಾಲಿ ಮಾತ್ರೆ ನಿಲ್ಲಿಸಿದವರಲ್ಲೂ 17 ಮಂದಿ ಹಾಗೇ ಹೇಳಿದ್ದರು. ಅಂದರೆ ನಿಜವಾಗಿ ಔಷಧಿಯ ಲೆಕ್ಕಕ್ಕೆ ಬರುವುದು ಆರೇಳು ಜನರಲ್ಲಿ ಒಬ್ಬರು. ತಡೆಯಲಾರದಷ್ಟು ಕಷ್ಟಪಟ್ಟವರು ನೂರಕ್ಕೆ 3ರ ಆಸುಪಾಸು.

ಯಾವ ಮಾತ್ರೆ ಎನ್ನುವುದರ ಮೇಲೂ ಇದು ನಿಂತಿದೆ. ವೆನ್ಲಾಫ್ಯಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಐದು ಗಂಟೆ ಸಾಕು, ಪ್ಯಾರಾಕ್ಸೆಟಿನ್‌ಗೆ ಒಂದು ದಿನದ ಹತ್ತಿರ. ಹಾಗಾಗಿ ಇವೆರಡನ್ನು ಬಿಡುವವರ ಪಾಡೇ ಕಷ್ಟ. ಫ್ಲುಆಕ್ಸೆಟಿನ್ ಮಾತ್ರ ವಾರಗಟ್ಟಲೆ ಮೈಯಲ್ಲಿ ಉಳಿದು ತಾನಾಗಿಯೇ ಮೆಲ್ಲಗೆ ಇಳಿಯುತ್ತದೆ. ಬಿಡುವುದಿದ್ದರೆ ಡಾಕ್ಟರ ಲೆಕ್ಕದಂತೆ ವಾರಗಳಲ್ಲಿ, ಬಹಳ ಕಾಲ ತಗೊಂಡವರಾದರೆ ತಿಂಗಳುಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಜೊತೆಯಲ್ಲಿ ಕ್ಲೊನಾಜೆಪಾಮ್ ಇದ್ದು ಅದೂ ಒಂದೇ ದಿನ ನಿಂತರೆ ಫಿಟ್ಸ್ ಬರುವ ಸಾಧ್ಯತೆಯೂ ಉಂಟು.

ಕೂಸಿಗೆ ಏನಾಗುತ್ತದೆ?

ಇದೇ ಎಲ್ಲರ ಪ್ರಶ್ನೆ. ಉತ್ತರಕ್ಕೆ ಮುಂಚೆ ಒಂದು ಸಂಖ್ಯೆ ತಲೆಯಲ್ಲಿರಲಿ. ಯಾವ ಔಷಧಿಯೂ ತಗೊಳ್ಳದ ಆರೋಗ್ಯವಂತ ತಾಯಂದಿರಿಗೆ ಹುಟ್ಟುವ ಮಕ್ಕಳಲ್ಲೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಏನಾದರೊಂದು ದೊಡ್ಡ ಹುಟ್ಟು ದೋಷ ಇರುತ್ತದೆ. ಅದರಲ್ಲಿ ಹೃದಯದ ದೋಷವೇ ಸುಮಾರು ಒಂದು. ಔಷಧಿಯಿಂದ ಏನಾಯಿತು ಎಂದು ಹೇಳಬೇಕಾದರೆ ಇದಕ್ಕಿಂತ ಎಷ್ಟು ಜಾಸ್ತಿ ಎಂದು ನೋಡಬೇಕು.

ಭಯ ದೊಡ್ಡದಾಗಿ ಶುರುವಾದದ್ದು 2005ರಲ್ಲಿ. ಬಸುರಿನ ಮೊದಲ ಮೂರು ತಿಂಗಳಲ್ಲಿ ಪ್ಯಾರಾಕ್ಸೆಟಿನ್ ತಗೊಂಡವರ ಮಕ್ಕಳಲ್ಲಿ ಹೃದಯದ ದೋಷ ಜಾಸ್ತಿ ಕಾಣುತ್ತಿದೆ ಎಂದು ಎಫ್‌ಡಿಎ ಎಚ್ಚರಿಸಿತು. ಆಗ ಔಷಧಿಗಳಿಗೆ ಎ, ಬಿ, ಸಿ, ಡಿ, ಎಕ್ಸ್ ಎಂದು ದರ್ಜೆ ಕೊಡುತ್ತಿದ್ದರು. ಪ್ಯಾರಾಕ್ಸೆಟಿನ್ ಸಿಯಿಂದ ಡಿಗೆ ಇಳಿಯಿತು. ಸುದ್ದಿ ಹಬ್ಬುವಾಗ 'ಪ್ಯಾರಾಕ್ಸೆಟಿನ್' ಎಂಬುದು ಬಿಟ್ಟುಹೋಗಿ 'ಡಿಪ್ರೆಶನ್ ಮಾತ್ರೆ' ಎಂದಷ್ಟೇ ಉಳಿಯಿತು. ಅಂದಹಾಗೆ ಆ ಅಕ್ಷರದ ದರ್ಜೆಗಳನ್ನು ಎಫ್‌ಡಿಎ 2015ರಿಂದ ಕೈಬಿಡುತ್ತಾ ಬಂದಿದೆ. ಒಂದೇ ಅಕ್ಷರದಲ್ಲಿ ಹೇಳಲು ಹೋಗಿ ದಾರಿ ತಪ್ಪಿಸಿದ್ದೇ ಜಾಸ್ತಿ. ಆದರೂ ಮೊಬೈಲಿನಲ್ಲಿ ಹುಡುಕಿದವರಿಗೆ ಇವತ್ತೂ ಮೊದಲು ಸಿಗುವುದು ಅದೇ ಹಳೇ ಅಕ್ಷರ.

2014ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅಮೆರಿಕದಲ್ಲಿ ಬಡವರಿಗಾಗಿ ಇರುವ ಸರಕಾರಿ ಆರೋಗ್ಯ ವಿಮೆ ಮೆಡಿಕೇಡ್‌ನ ದಾಖಲೆಗಳಿಂದ 9,49,504 ಬಸುರಿಯರ ಲೆಕ್ಕ ತೆಗೆದರು. ಅವರಲ್ಲಿ 64,389 ಮಂದಿ ಮೊದಲ ಮೂರು ತಿಂಗಳಲ್ಲಿ ಡಿಪ್ರೆಶನ್ ಮಾತ್ರೆ ತಗೊಂಡಿದ್ದರು. ಹೃದಯದ ದೋಷ ಕಂಡದ್ದು ಮಾತ್ರೆ ತಗೊಳ್ಳದವರ 10,000 ಮಕ್ಕಳಲ್ಲಿ 72ಕ್ಕೆ, ತಗೊಂಡವರ 10,000 ಮಕ್ಕಳಲ್ಲಿ 90ಕ್ಕೆ.

ನೋಡಿದ್ರಾ, ಜಾಸ್ತಿ ಇದೆ! ಅನ್ನಬೇಡಿ, ಸ್ವಲ್ಪ ತಾಳಿ. ಮಲೆನಾಡಿನ ಮಳೆಗಾಲದಲ್ಲಿ ರಸ್ತೆಯಲ್ಲಿ ಕೊಡೆ ಹಿಡಿದವರನ್ನೂ, ಮನೆ ಜಗಲಿಯಲ್ಲಿ ಕೂತವರನ್ನೂ ಹೋಲಿಸಿದರೆ ಒದ್ದೆಯಾಗಿರುವವರು ಕೊಡೆ ಹಿಡಿದವರೇ. ಹಾಗಂತ ಕೊಡೆಯಿಂದ ಒದ್ದೆಯಾದರು ಅನ್ನೋಕಾಗುತ್ತಾ? ಅವರು ಮಳೆಯಲ್ಲಿ ಇದ್ದವರು. ಹಾಗೆಯೇ ಮಾತ್ರೆ ತಗೊಳ್ಳುತ್ತಿದ್ದ ತಾಯಂದಿರು ಡಿಪ್ರೆಶನ್ ಇದ್ದವರು. ಅವರಲ್ಲಿ ಸಿಗರೇಟು, ಕುಡಿತ, ಬೊಜ್ಜು, ಸಕ್ಕರೆ ಕಾಯಿಲೆ, ಬೇರೆ ಔಷಧಿಗಳು ಎಲ್ಲವೂ ಜಾಸ್ತಿ. ನ್ಯಾಯವಾದ ಹೋಲಿಕೆ ಅಂದರೆ ಮಳೆಯಲ್ಲಿ ಕೊಡೆ ಹಿಡಿದವರನ್ನು ಮಳೆಯಲ್ಲಿ ಕೊಡೆ ಇಲ್ಲದವರ ಜೊತೆ ಇಟ್ಟು ನೋಡುವುದು. ಆ ಸಂಶೋಧಕರು ಡಿಪ್ರೆಶನ್ ಇದ್ದೂ ಮಾತ್ರೆ ತಗೊಳ್ಳದವರ ಜೊತೆ, ಉಳಿದ ಕಾರಣಗಳನ್ನೂ ಸರಿದೂಗಿಸಿ ಹೋಲಿಸಿದಾಗ ಆ ಅಂತರ ಹೆಚ್ಚುಕಡಿಮೆ ಕರಗಿಹೋಯಿತು. ಎಸ್‌ಎಸ್‌ಆರ್‌ಐನಿಂದ ಹೃದಯದ ದೋಷ ಗಣನೀಯವಾಗಿ ಹೆಚ್ಚುತ್ತದೆ ಎನ್ನಲು ಅಲ್ಲಿ ಆಧಾರ ಸಿಗಲಿಲ್ಲ. ಪ್ಯಾರಾಕ್ಸೆಟಿನ್ ಬಗ್ಗೆ ಮಾತ್ರ ವೈದ್ಯರು ಇವತ್ತಿಗೂ ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ. ಬಸುರಿಯಲ್ಲಿ ಹೊಸದಾಗಿ ಶುರು ಮಾಡುವುದಾದರೆ ಅದನ್ನು ಆರಿಸುವುದು ಕಡಿಮೆ. ಸರ್ಟ್ರಾಲಿನ್ ಕಡೆಗೆ ಒಲವು ಜಾಸ್ತಿ.

ಎರಡನೇ ಭಯ ಉಸಿರಿನದು. ಹುಟ್ಟಿದ ಕೂಡಲೇ ಕೂಸಿನ ಶ್ವಾಸಕೋಶದ ರಕ್ತನಾಳಗಳು ಅರಳಬೇಕು. ಅರಳದಿದ್ದರೆ ಒತ್ತಡ ಹಾಗೇ ಉಳಿದು ಉಸಿರಾಟ ಕಷ್ಟವಾಗುತ್ತದೆ. ಇದು ನಿಜಕ್ಕೂ ಗಂಭೀರ. 2006ರಲ್ಲಿ ಒಂದು ಚಿಕ್ಕ ಅಧ್ಯಯನ, ಬಸುರಿನ ಕೊನೆಯ ತಿಂಗಳುಗಳಲ್ಲಿ ಎಸ್‌ಎಸ್‌ಆರ್‌ಐ ತಗೊಂಡರೆ ಇದರ ಸಂಭವ ಆರು ಪಟ್ಟು ಎಂದಿತು. ಆರು ಪಟ್ಟು ಎಂದರೆ ಯಾರಿಗೆ ತಾನೇ ಕೈಕಾಲು ನಡುಗುವುದಿಲ್ಲ? ಆಮೇಲೆ 2015ರಲ್ಲಿ ಸುಮಾರು 38 ಲಕ್ಷ ಬಸುರುಗಳ ಲೆಕ್ಕ ನೋಡಿದಾಗ ಸಿಕ್ಕಿದ್ದು, ಮಾತ್ರೆ ಇಲ್ಲದೆ ಸಾವಿರಕ್ಕೆ ಸುಮಾರು 2 ಕೂಸು, ಎಸ್‌ಎಸ್‌ಆರ್‌ಐ ಇದ್ದರೆ ಸಾವಿರಕ್ಕೆ ಸುಮಾರು 3. ಬೇರೆ ಕಾರಣಗಳನ್ನು ಸರಿದೂಗಿಸಿದರೆ ಆ ಅಂತರವೂ ಇನ್ನಷ್ಟು ಸಣ್ಣದಾಯಿತು. ಅಪಾಯ ಸೊನ್ನೆಯಲ್ಲ. ಆದರೆ ಸಾವಿರದಲ್ಲಿ 997 ಕೂಸುಗಳಿಗೆ ಅದು ಬರುವುದಿಲ್ಲ. ಪೇಪರಿನಲ್ಲಿ 'ಇಷ್ಟು ಪಟ್ಟು' ಎಂದು ಓದಿದಾಗಲೆಲ್ಲ 'ಎಷ್ಟರ ಇಷ್ಟು ಪಟ್ಟು?' ಎಂದು ಕೇಳುವುದು ಒಳ್ಳೇ ಅಭ್ಯಾಸ.

ಆಟಿಸಂ ಬಗ್ಗೆಯೂ ಇದೇ ಕಥೆ. ಮೊದಲ ಅಧ್ಯಯನಗಳಲ್ಲಿ ನಂಟು ಕಂಡಿತು. 2017ರಲ್ಲಿ ಸ್ವೀಡನ್ನಿನ ಸುಮಾರು 16 ಲಕ್ಷ ಮಕ್ಕಳ ದಾಖಲೆಗಳಲ್ಲಿ ಒಂದೇ ತಾಯಿಯ ಮಕ್ಕಳನ್ನೇ ಹೋಲಿಸಿದರು. ಒಂದು ಮಗುವಿನ ಹೊತ್ತಿಗೆ ತಾಯಿ ಮಾತ್ರೆ ತಗೊಂಡಿದ್ದಳು, ಇನ್ನೊಂದರ ಹೊತ್ತಿಗೆ ಇಲ್ಲ. ಅಲ್ಲಿ ಆಟಿಸಂನಲ್ಲಿ ವ್ಯತ್ಯಾಸ ಉಳಿಯಲಿಲ್ಲ. ಆದರೆ ಅದೇ ಹೋಲಿಕೆಯಲ್ಲಿ ಅವಧಿಗೆ ಮುಂಚಿನ ಹೆರಿಗೆ ಮಾತ್ರ ಮಾತ್ರೆ ತಗೊಂಡ ಬಸುರಿನಲ್ಲಿ ತುಸು ಜಾಸ್ತಿಯೇ ಇತ್ತು. ಒಂದು ಮಾಸಿಹೋಯಿತು, ಒಂದು ಉಳಿಯಿತು. ಸಂಶೋಧನೆ ಅಂದರೆ ಹೀಗೇ.

ಹೆರಿಗೆಯಲ್ಲಿ ರಕ್ತಸ್ರಾವದ ಅಪಾಯವೂ ಕೊಂಚ ಏರುತ್ತದೆ. ಪ್ಲೇಟ್‌ಲೆಟ್ ವಿಷಯ ಆಗಲೇ ಹೇಳಿದೆನಲ್ಲ. ಹೆರಿಗೆಗೆ ಮುಂಚಿನ ಒಂದು ತಿಂಗಳಲ್ಲಿ ಈ ಮಾತ್ರೆ ತಗೊಂಡವರ ಬಗ್ಗೆ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ವೈದ್ಯರಿಗೆ ಸೂಚನೆ ಕೊಟ್ಟಿತು. ಮಾತ್ರೆ ನಿಲ್ಲಿಸಿ ಎಂದಲ್ಲ, ಗೊತ್ತಿರಲಿ ಎಂದು. ಹೆರಿಗೆ ಮಾಡಿಸುವವರಿಗೆ ಗೊತ್ತಿದ್ದರೆ ಸಿದ್ಧವಾಗಿರುತ್ತಾರೆ. 'ಇಲ್ಲ ಮೇಡಂ' ಅಂದದ್ದರ ನಷ್ಟ ಇಲ್ಲಿ ಗೊತ್ತಾಗುತ್ತದೆ.

ನಡುವೆ ಒಂದು ಗೊಂದಲ ಬಿಡಿಸಬೇಕು. ವ್ಯಾಲ್ಪ್ರೊಯೇಟ್ ಎಂಬ ಔಷಧಿ ಇದೆ, ಫಿಟ್ಸ್‌ಗೂ ಬೈಪೋಲಾರ್‌ಗೂ ಕೊಡುತ್ತಾರೆ. ಅದು ಡಿಪ್ರೆಶನ್ ಮಾತ್ರೆಯಲ್ಲ, ಆದರೆ ಅದೇ ಡಾಕ್ಟರ ಚೀಟಿಯಲ್ಲಿ ಬರುತ್ತದೆ. ಅದನ್ನು ತಗೊಂಡ ಬಸುರಿಯರ ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟು ದೋಷ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಕಲಿಕೆ ಬೆಳವಣಿಗೆಯ ತೊಂದರೆ. ನಿಜವಾಗಿ ಹೆದರಬೇಕಾದ ಅಪಾಯ ಹೇಗಿರುತ್ತದೆ ಎಂದು ತಿಳಿಯಲು ಈ ಸಂಖ್ಯೆಗಳನ್ನು ಮೇಲಿನವುಗಳ ಪಕ್ಕ ಇಟ್ಟು ನೋಡಿ. ವ್ಯಾಲ್ಪ್ರೊಯೇಟ್ ತಗೊಳ್ಳುವ, ಮಗು ಬೇಕೆನ್ನುವ ಹೆಣ್ಣುಮಕ್ಕಳು ಬಸುರಾಗುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಔಷಧಿ ಬದಲಿಸಿಕೊಳ್ಳಬೇಕು.

ತಕ್ಕಡಿಯ ಇನ್ನೊಂದು ತಟ್ಟೆ

ಬಸುರಿನಲ್ಲಿ ಹಾರ್ಮೋನುಗಳು ತಾವೇ ಮನಸ್ಸನ್ನು ಕಾಯುತ್ತವೆ ಎಂಬ ನಂಬಿಕೆ ಒಂದು ಕಾಲದಲ್ಲಿ ಡಾಕ್ಟರುಗಳಿಗೂ ಇತ್ತು. 2006ರಲ್ಲಿ ಅಮೆರಿಕದ ಅಧ್ಯಯನವೊಂದು ಅದನ್ನು ಅಲುಗಾಡಿಸಿತು. ಹಿಂದೆ ಡಿಪ್ರೆಶನ್ ಬಂದು, ಮಾತ್ರೆಯಿಂದ ಹುಷಾರಾಗಿದ್ದ 201 ಬಸುರಿಯರು ಅದರಲ್ಲಿದ್ದರು. ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 26 ಮಂದಿಗೆ ಕಾಯಿಲೆ ಮರುಕಳಿಸಿತು. ನಿಲ್ಲಿಸಿದವರಲ್ಲಿ 68 ಮಂದಿಗೆ. ಇವರು ದೊಡ್ಡ ಮನೋವೈದ್ಯಕೀಯ ಕೇಂದ್ರಗಳಿಗೆ ಬರುತ್ತಿದ್ದ, ಕಾಯಿಲೆ ಪದೇ ಪದೇ ಬಂದಿದ್ದ ಹೆಂಗಸರು ಎಂಬುದನ್ನೂ ಹೇಳಬೇಕು. ಆಮೇಲೆ ಸಾಮಾನ್ಯ ಬಸುರಿಯರ ನಡುವೆ ನೋಡಿದಾಗ ಇಷ್ಟು ದೊಡ್ಡ ಅಂತರ ಕಾಣಲಿಲ್ಲ.

ಇದರಿಂದ ತಿಳಿಯುವುದು ಇಷ್ಟು. ಒಂದೇ ಸಲ, ಸಣ್ಣ ಪ್ರಮಾಣದಲ್ಲಿ ಬಂದು, ಬಹಳ ದಿನದಿಂದ ಚೆನ್ನಾಗಿರುವವರು ಡಾಕ್ಟರ ಜೊತೆ ಮಾತಾಡಿ ಬಸುರಿಗೆ ಮುಂಚೆಯೇ ಮೆಲ್ಲಗೆ ಬಿಟ್ಟು, ಕೌನ್ಸೆಲಿಂಗ್ ಆಸರೆಯಲ್ಲಿ ಇರಬಹುದು. ಮೂರು ನಾಲ್ಕು ಸಲ ಬಿದ್ದು ಎದ್ದವರು, ಸಾಯುವ ಯತ್ನ ಮಾಡಿದವರು, ಹಿಂದೆ ಬಿಟ್ಟಾಗ ಮತ್ತೆ ಮಲಗಿದವರು ಮುಂದುವರಿಸುವುದೇ ವಾಸಿ. ಯಾವ ಮಾತ್ರೆಯಲ್ಲಿ ಹುಷಾರಾಗಿದ್ದಾರೋ ಅದರಲ್ಲೇ. ಬಸುರಾದ ಮೇಲೆ 'ಇನ್ನೂ ಸೇಫ್ ಆದದ್ದು' ಎಂದು ಬದಲಿಸಿದರೆ ಕೂಸಿಗೆ ಒಂದರ ಬದಲು ಎರಡು ಔಷಧಿ ತಾಗಿದ ಹಾಗಾಯಿತು. ಹೊಸದು ಹಿಡಿಯದಿದ್ದರೆ ಕಾಯಿಲೆಯೂ ತಾಗಿತು.

ಇನ್ನು ಕೆಲವರು ಮಧ್ಯದ ದಾರಿ ಹಿಡಿಯುತ್ತಾರೆ. ಮಾತ್ರೆಯನ್ನು ಚಾಕುವಿನಿಂದ ಅರ್ಧ ಮಾಡಿ, ಒಂದು ದಿನ ಬಿಟ್ಟು ಒಂದು ದಿನ ನುಂಗುವುದು. ಮನಸ್ಸಿಗೆ ಸಮಾಧಾನ ಬಿಟ್ಟರೆ ಇದರಿಂದ ಲಾಭ ಕಮ್ಮಿ. ಕೂಸಿಗೆ ಔಷಧಿಯೂ ಹೋಗುತ್ತದೆ, ತಾಯಿಗೆ ಕಾಯಿಲೆಯೂ ಇರುತ್ತದೆ. ಬಸುರಿನಲ್ಲಿ ರಕ್ತದ ಪ್ರಮಾಣ ಏರುವುದರಿಂದ, ಲಿವರ್ ಬಿರುಸಾಗಿ ಕೆಲಸ ಮಾಡುವುದರಿಂದ ಕೆಲವು ಔಷಧಿಗಳ ಮಟ್ಟ ತಾನಾಗಿಯೇ ಇಳಿಯುತ್ತದೆ. ಏಳೆಂಟು ತಿಂಗಳಲ್ಲಿ ಡಾಕ್ಟರ್ ಡೋಸ್ ಏರಿಸಿದರೆ ಗಾಬರಿ ಬೀಳಬೇಡಿ.

ಚಿಕಿತ್ಸೆ ಇಲ್ಲದ ಡಿಪ್ರೆಶನ್ ಹೊಟ್ಟೆಯೊಳಗಿನ ಕೂಸನ್ನು ಸುಮ್ಮನೆ ಬಿಡುವುದಿಲ್ಲ. ಅವಳಿಗೆ ಊಟ ಸೇರುವುದಿಲ್ಲ, ಕಬ್ಬಿಣದ ಮಾತ್ರೆ ಮರೆಯುತ್ತಾಳೆ, ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋಗುವುದು ತಪ್ಪುತ್ತದೆ. ದಿನ ತುಂಬುವ ಮೊದಲು ಹೆರಿಗೆ, ಕಡಿಮೆ ತೂಕದ ಮಗು ಇವೆಲ್ಲ ಚಿಕಿತ್ಸೆ ಪಡೆಯದ ಕಾಯಿಲೆಯ ಜೊತೆಗೂ ನಂಟು ಹೊಂದಿವೆ. ಬ್ರಿಟನ್ನಿನಲ್ಲಿ ತಾಯಂದಿರ ಪ್ರತಿಯೊಂದು ಸಾವನ್ನೂ ಪರಿಶೀಲಿಸುತ್ತಾರೆ. ಹೆರಿಗೆಯ ಆರು ವಾರದ ನಂತರದಿಂದ ಒಂದು ವರ್ಷದೊಳಗೆ, ಬಸುರು ಬಾಣಂತನಕ್ಕೇ ನೇರವಾಗಿ ಸಂಬಂಧಿಸಿದ ಸಾವುಗಳಲ್ಲಿ ಅಲ್ಲಿ ಮೊದಲ ಸ್ಥಾನ ಆತ್ಮಹತ್ಯೆಯದು.

ಹೆರಿಗೆ, ಹಾಲು, ತವರು

ಕೊನೆಯ ತಿಂಗಳವರೆಗೂ ಮಾತ್ರೆ ತಗೊಂಡ ತಾಯಂದಿರ ಮೂರು ಕೂಸುಗಳಲ್ಲಿ ಸುಮಾರು ಒಂದಕ್ಕೆ ಹುಟ್ಟಿದ ಮೊದಲ ದಿನಗಳಲ್ಲಿ ಕಿರಿಕಿರಿ ಇರುತ್ತದೆ. ಕೈಕಾಲು ಅದುರುವುದು, ಸಮಾಧಾನವಾಗದ ಅಳು, ಹಾಲು ಸರಿಯಾಗಿ ಚೀಪದಿರುವುದು, ಉಸಿರು ಸ್ವಲ್ಪ ಬಿರುಸಾಗುವುದು. ಬಹುಪಾಲು ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ಸರಿಹೋಗುತ್ತದೆ. ಇದಕ್ಕೆ ಬೇಕಾದ್ದು ಎರಡು ಮೂರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುವುದು. ಮಕ್ಕಳ ಡಾಕ್ಟರಿಗೆ ಮಾತ್ರೆಯ ವಿಷಯ ಗೊತ್ತಿದ್ದರೆ ಅವರೇ ನೋಡಿಕೊಳ್ಳುತ್ತಾರೆ. ಗೊತ್ತಿಲ್ಲದಿದ್ದರೆ ಸೋಂಕಿರಬಹುದು ಎಂದು ಬೇಡದ ಪರೀಕ್ಷೆ, ಮನೆಯಲ್ಲಿ ದೃಷ್ಟಿ ತಾಗಿದೆ ಎಂದು ನೀವಾಳಿಸುವುದು.

ಎದೆಹಾಲಿನ ವಿಷಯಕ್ಕೆ ಬಂದರೆ, ತಾಯಿಯ ಡೋಸಿಗೆ ಹೋಲಿಸಿ ಮಗುವಿಗೆ ಅದರ ತೂಕದ ಲೆಕ್ಕದಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದು ಡಾಕ್ಟರುಗಳು ಲೆಕ್ಕ ಹಿಡಿಯುತ್ತಾರೆ. ಸರ್ಟ್ರಾಲಿನ್ ಹಾಲಿನಲ್ಲಿ ಇದಕ್ಕಿಂತ ಬಹಳ ಕೆಳಗಿರುತ್ತದೆ. ಫ್ಲುಆಕ್ಸೆಟಿನ್ ಹೆಚ್ಚು ಹೋಗುತ್ತದೆ, ಮಗುವಿನ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಆದರೂ ಬಸುರು ಪೂರ್ತಿ ಅದೇ ಮಾತ್ರೆಯಲ್ಲಿ ಚೆನ್ನಾಗಿದ್ದವರಿಗೆ ಬಾಣಂತನದಲ್ಲಿ ಬದಲಿಸಿ ಎಂದು ಒತ್ತಾಯಿಸುವುದು ಕಮ್ಮಿ. ಮಗು ಅತಿಯಾಗಿ ಮಂಪರಲ್ಲಿದ್ದರೆ, ಹಾಲು ಬಿಟ್ಟರೆ, ತೂಕ ಏರದಿದ್ದರೆ ತೋರಿಸಬೇಕು. ಜೊತೆಯಲ್ಲಿ ಕ್ಲೊನಾಜೆಪಾಮ್ ಇದ್ದವರಂತೂ ಇದನ್ನು ತಪ್ಪದೆ ನೋಡಬೇಕು.

ನಮ್ಮ ಕಡೆ ಇನ್ನೊಂದು ಸಮಸ್ಯೆ ಇದೆ, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ. ಬ್ಯಾಗಿನಲ್ಲಿ ಸೀರೆ, ಬಳೆ, ಸ್ಕ್ಯಾನಿಂಗ್ ರಿಪೋರ್ಟು ಎಲ್ಲ ಇರುತ್ತದೆ. ಮಾತ್ರೆ ಚೀಟಿ ಗಂಡನ ಮನೆಯಲ್ಲೇ ಉಳಿದಿರುತ್ತದೆ. ತಗೊಂಡುಹೋದ ಸ್ಟ್ರಿಪ್ ಹದಿನೈದು ದಿನಕ್ಕೆ ಮುಗಿಯುತ್ತದೆ. ಆ ಊರಿನ ಮೆಡಿಕಲ್ ಶಾಪಿನವರು ಚೀಟಿ ಇಲ್ಲದೆ ಕೊಡುವುದಿಲ್ಲ, ಕೊಡಲೂಬಾರದು. ಡಾಕ್ಟರ್ ಇರುವುದು ಇನ್ನೂರು ಕಿಲೋಮೀಟರ್ ಆಚೆ. ಹೀಗೆ ಹೆರಿಗೆಗೆ ಎರಡು ವಾರ ಇರುವಾಗ, ಕಾಯಿಲೆ ಮರುಕಳಿಸುವ ಸಾಧ್ಯತೆ ಅತಿ ಹೆಚ್ಚಿರುವ ದಿನಗಳ ಬಾಗಿಲಲ್ಲಿ, ಮಾತ್ರೆ ನಿಂತುಹೋಗುತ್ತದೆ. ಏಳನೇ ತಿಂಗಳಲ್ಲೇ ಚೀಟಿಯ ಒಂದು ಫೋಟೋ ಅವಳ ಫೋನಿನಲ್ಲೂ ಒಂದು ಅವಳ ಅಮ್ಮನ ಫೋನಿನಲ್ಲೂ ಇದ್ದರೆ, ತವರೂರಿನ ಡಾಕ್ಟರಿಗೆ ಮುಂಚೆಯೇ ತೋರಿಸಿಟ್ಟಿದ್ದರೆ ಇಷ್ಟು ಪಾಡಿಲ್ಲ.

ಬಾಣಂತಿಯ ಡಿಪ್ರೆಶನ್ ಅಪರೂಪದ್ದೇನಲ್ಲ. ಭಾರತದ 38 ಅಧ್ಯಯನಗಳನ್ನು ಸೇರಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನೂರಕ್ಕೆ 22 ತಾಯಂದಿರಲ್ಲಿ ಅದು ಕಂಡಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಾರ್ಡ್ ಇದೆ. ಮನಸ್ಸಿನ ಕಾಯಿಲೆ ಜೋರಾದ ಬಾಣಂತಿಯನ್ನು ಕೂಸಿನಿಂದ ಬೇರೆ ಮಾಡದೆ ಅಲ್ಲಿ ಚಿಕಿತ್ಸೆ ಕೊಡುತ್ತಾರೆ.

ಬಾಣಂತಿಯರನ್ನು ಪರೀಕ್ಷಿಸಲು ಎಡಿನ್‌ಬರೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು 1987ರಲ್ಲಿ ಮಾಡಿದರು. ಕನ್ನಡದಲ್ಲೂ ಅದು ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ನಗು ಬರುತ್ತಿತ್ತಾ, ಕಾರಣವಿಲ್ಲದೆ ಭಯವಾಯಿತಾ, ಬೇಜಾರಿನಿಂದ ನಿದ್ದೆ ಕೆಟ್ಟಿತಾ ಎಂದೆಲ್ಲ ಕೇಳುತ್ತಾ ಹೋಗುತ್ತದೆ. ಹತ್ತನೆಯದು, ನನಗೆ ನಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಎಂಬುದು. ಉಳಿದ ಒಂಬತ್ತರಲ್ಲಿ ಅಂಕ ಎಷ್ಟೇ ಕಡಿಮೆ ಬರಲಿ, ಇದೊಂದಕ್ಕೆ 'ಎಂದೂ ಇಲ್ಲ' ಬಿಟ್ಟು ಬೇರೇನೇ ಉತ್ತರ ಬಂದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಡಾಕ್ಟರ್ ದೂರ ಇದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ನಂಬರ್ 14416. ರಾತ್ರಿ ಎರಡು ಗಂಟೆಗೆ ಮಾಡಿದರೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.